ಮುಂದಿನ ಪುಸ್ತಕದ ಲೆಕ್ಕ

ಯುಗಾದಿ ಮುಗಿದ ವಾರ ನನ್ನೆದುರು ಮೂರು ಕೆಲಸಗಳಿದ್ದವು. ಒಂದು, ಐದು ವರ್ಷಗಳಿಂದ ತಲೆಯಲ್ಲಿ ಬೆಳೆಯುತ್ತಿರುವ ಕಾದಂಬರಿ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಬಂದ ಕರನಿರಾಕರಣೆ, ಕಂದಾಯ ಕೊಡದೆ ಗದ್ದೆ ಕಳೆದುಕೊಂಡ ಮನೆಗಳ ಕಥೆ ಅದು. ಇನ್ನೊಂದು, ಘಟ್ಟದ ಮೇಲಿನ ಸಹಕಾರ ಸಂಘವೊಂದರ ಶತಮಾನೋತ್ಸವದ ಸ್ಮರಣ ಗ್ರಂಥ. ಮತ್ತೊಂದು, ಟಿವಿ ಧಾರಾವಾಹಿಗೆ ಸಂಭಾಷಣೆ.

ಧಾರಾವಾಹಿಯನ್ನು ಮೊದಲೇ ಕೈಬಿಟ್ಟೆ. ಮೂರು ವರ್ಷಗಳ ಹಿಂದೆ ಏಳು ತಿಂಗಳು ಆ ಕೆಲಸ ಮಾಡಿದ್ದೇನೆ. ದುಡ್ಡು ಚೆನ್ನಾಗಿತ್ತು, ಆದರೆ ಕೊನೆಯ ಕಂತು ಕೈಸೇರಲು ಎಂಟು ತಿಂಗಳು ಹಿಡಿಯಿತು. ದಿನಕ್ಕೊಂದು ಕಂತು ಬರೆದು ಎದ್ದವನಿಗೆ ತನ್ನದೆಂಬ ಒಂದು ಸಾಲೂ ಹುಟ್ಟುತ್ತಿರಲಿಲ್ಲ.

ಉಳಿದೆರಡಕ್ಕೆ ಕಾಗದ-ಪೆನ್ನು ಹಿಡಿದೆ. ಕಾದಂಬರಿ 350 ರೂಪಾಯಿ ಬೆಲೆಯ ಪುಸ್ತಕವಾಗಿ 1,000 ಪ್ರತಿ ಮಾರಾಟವಾದರೆ, ಶೇ 10ರಂತೆ ನನಗೆ ಬರುವ ಗೌರವಧನ 35,000 ರೂಪಾಯಿ. ಬರೆಯಲು ಎರಡೂವರೆ ವರ್ಷ ಬೇಕು. ಸತ್ಯಾಗ್ರಹದ ಕಾಲದಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಹಳೆಯ ಸರ್ಕಾರಿ ಕಡತಗಳಿಗೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರಕ್ಕೇ ಹೋಗಬೇಕು. ಎರಡು ಸಲದ ರೈಲು, ವಸತಿ, ಊಟ, ನಕಲು ಪ್ರತಿ ಸೇರಿಸಿದರೆ 45,000. ಅಂದರೆ ಪುಸ್ತಕ ಪೂರ್ತಿ ಮಾರಾಟವಾದರೂ ಕೈಯಿಂದ 10,000 ಹೋಗುತ್ತದೆ.

ಈ ಅಂಕಿ ನೋಡಿ ನಾನೇನೂ ಎದೆಗುಂದಲಿಲ್ಲ. ನಮ್ಮ ದೊಡ್ಡ ಕಾದಂಬರಿಕಾರರಲ್ಲಿ ಎಷ್ಟೋ ಮಂದಿಯ ಮನೆಯ ಒಲೆಯನ್ನು ಕಾದಂಬರಿ ಉರಿಸಲಿಲ್ಲ. ನಮ್ಮ ಪಕ್ಕದ ಹನೇಹಳ್ಳಿಯಿಂದ ಹೋದ ಯಶವಂತ ಚಿತ್ತಾಲರು ಮುಂಬೈಯಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದರು. ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟವಿತ್ತು. ಭೈರಪ್ಪನವರು ಅಧ್ಯಾಪಕರಾಗಿದ್ದರು. ಕಾದಂಬರಿಗೆ ಬೇಕಾದ ತಿಂಗಳುಗಳನ್ನು ಬೇರೆ ಕಡೆ ದುಡಿದೇ ತರಬೇಕು.

ಸಂಘದವರು ಐದು ತಿಂಗಳ ಕೆಲಸಕ್ಕೆ ಒಂದೂವರೆ ಲಕ್ಷ ಕೊಡುತ್ತಾರೆ, ತಿಂಗಳಿಗೆ 30,000 ಆಯಿತು. ಹೆಂಡತಿ ಶಿಕ್ಷಕಿ, ಮನೆಖರ್ಚಿನಲ್ಲಿ ನನ್ನ ಪಾಲು ತಿಂಗಳಿಗೆ 18,000. ಐದು ತಿಂಗಳಲ್ಲಿ 60,000 ಉಳಿಯಬೇಕು. ಆದರೆ ಹಣ ಕೊಡುವಾಗಲೇ ಶೇ 10ರಷ್ಟು ತೆರಿಗೆ ಹಿಡಿದುಕೊಳ್ಳುತ್ತಾರೆ. ಆ 15,000 ರಿಟರ್ನ್ ಸಲ್ಲಿಸಿದ ಮೇಲೆ ಬಂದರೆ ಬಂತು, ರೈಲು ಟಿಕೆಟಿಗಂತೂ ಸಿಗದು. ಉಳಿದದ್ದು 45,000. ಮುಂಬೈಯ ಖರ್ಚೂ ಅಷ್ಟೇ! ಮೂರನೇ ಒಂದು ಭಾಗ ಮುಂಗಡ ಬೇಕೆಂದು ಕೇಳಿದೆ, ಒಪ್ಪಿದರು. ಧಾರಾವಾಹಿಯ ಅನುಭವದ ಮೇಲೆ, ಮುಂಗಡವಿಲ್ಲದೆ ಕೆಲಸ ಹಿಡಿಯಬಾರದೆಂದು ನಿರ್ಧರಿಸಿದ್ದೆ.

ಲೆಕ್ಕದ ಕಾಗದ ಹುಡುಕುವಾಗ ನನ್ನ ಮೊದಲ ಕಾದಂಬರಿಯ ಒಪ್ಪಂದ ಪತ್ರ ಸಿಕ್ಕಿತು. ಹನ್ನೊಂದು ವರ್ಷ ಹಳೆಯದು. ಹಕ್ಕು ಎಷ್ಟು ವರ್ಷಕ್ಕೆ ಕೊಟ್ಟಿದ್ದೇನೆಂದು ಅದರಲ್ಲಿ ಬರೆದೇ ಇಲ್ಲ. ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೇ ತಿಳಿಯಬೇಕು ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ಹಾಗಾದರೆ ಹಕ್ಕು ನನ್ನ ಬಳಿಗೆ ಮರಳಿ ಎಷ್ಟೋ ಕಾಲವಾಗಿದೆ, ನಾನೇ ನೋಡಿರಲಿಲ್ಲ. ಪುಸ್ತಕ ಅಂಗಡಿಯಲ್ಲಿಲ್ಲ. ಇನ್ನೊಬ್ಬ ಪ್ರಕಾಶಕರು 250 ರೂಪಾಯಿ ಬೆಲೆಯಲ್ಲಿ 500 ಪ್ರತಿ ಮರುಮುದ್ರಿಸಲು ಮುಂದೆ ಬಂದಿದ್ದಾರೆ. ಒಂದು ಅಕ್ಷರವನ್ನೂ ಹೊಸದಾಗಿ ಬರೆಯದೆ 12,500 ರೂಪಾಯಿ ಬರಬಹುದು. ಈ ಸಲದ ಒಪ್ಪಂದದಲ್ಲಿ ಮೂರು ವರ್ಷ ಎಂದು ಸ್ಪಷ್ಟವಾಗಿ ಬರೆಸಿದ್ದೇನೆ. ಬರೆಯುವ ಗೆಳೆಯರೆಲ್ಲರೂ ಹೊಸ ಪುಸ್ತಕ ಶುರು ಮಾಡುವ ಮೊದಲು ಹಳೆಯ ಪತ್ರಗಳನ್ನೊಮ್ಮೆ ತೆಗೆದು ಓದಬೇಕು. ಗೌರವಧನದ ತೆರಿಗೆ ರಿಯಾಯಿತಿಯನ್ನೂ ಹಲವರು ಕೇಳುತ್ತಾರೆ. ಆದಾಯ ತೆರಿಗೆ ಕಾನೂನಿನಲ್ಲಿ ಅದು ಮೂರು ಲಕ್ಷದವರೆಗೆ ಇದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 35,000ದ ಗೌರವಧನಕ್ಕಾಗಿ ಹಳೆಯ ಪದ್ಧತಿ ಹಿಡಿಯುವ ಮೊದಲು ಎರಡೂ ರೀತಿಯಲ್ಲಿ ತೆರಿಗೆ ಲೆಕ್ಕ ಹಾಕಿ ನೋಡಿ.

ಇಷ್ಟಾದ ಮೇಲೆ ಸಂಘದ ಗ್ರಂಥ ಮೊದಲು, ಕಾದಂಬರಿ ಆಮೇಲೆ ಎಂದು ಮುಗಿಸಬಹುದಿತ್ತು. ಮುಗಿಸಲಾಗಲಿಲ್ಲ. ಧಾರಾವಾಹಿ ಬರೆಯುತ್ತಿದ್ದ ಆ ಏಳು ತಿಂಗಳಲ್ಲಿ ಒಬ್ಬ ಅಜ್ಜ ತೀರಿಕೊಂಡರು. ಅವರ ತಂದೆ ಕರನಿರಾಕರಣೆಯಲ್ಲಿ ಜೈಲಿಗೆ ಹೋದವರು. ಜಪ್ತಿಗೆ ಬಂದ ದಿನ ಮನೆಯವರು ಪಾತ್ರೆಗಳನ್ನು ಎಲ್ಲಿ ಬಚ್ಚಿಟ್ಟರು, ಕೊಟ್ಟಿಗೆಯ ಎಮ್ಮೆಯನ್ನು ಯಾರ ಹಿತ್ತಿಲಿಗೆ ಸಾಗಿಸಿದರು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ‘ಮುಂದಿನ ತಿಂಗಳು ಬರುತ್ತೇನೆ’ ಎಂದು ಎರಡು ಸಲ ಹೇಳಿದ್ದೆ. ನನ್ನ ಯಾವ ಲೆಕ್ಕದಲ್ಲೂ ಆ ನಷ್ಟ ಸೇರಿರಲಿಲ್ಲ. ಪತ್ರಾಗಾರದ ಕಡತ ಇನ್ನೊಂದು ವರ್ಷ ಅಲ್ಲೇ ಇರುತ್ತದೆ. ಆ ಕಥೆಯನ್ನು ತಂದೆತಾಯಿಯ ಬಾಯಿಂದ ಕೇಳಿದವರಿಗೆಲ್ಲ ಈಗ ಎಂಬತ್ತು ದಾಟಿದೆ.

ಅಂಕೋಲೆಯ ಹತ್ತಿರದ ಅಜ್ಜಿಯೊಬ್ಬರಿಗೆ ಫೋನು ಮಾಡಿದಾಗ, “ಮಳೆಗಾಲಕ್ಕೆ ಮೊದ್ಲೇ ಬಾ ತಮಾ, ಮತ್ತೆ ನೆನಪಿರೂದಿಲ್ಲ” ಎಂದರು.

ಹಾಗಾಗಿ ಕಾದಂಬರಿಯ ಕೆಲಸವನ್ನೇ ಎರಡು ಭಾಗ ಮಾಡಿದೆ. ಸೋಮವಾರದಿಂದ ಶನಿವಾರದವರೆಗೆ ಸಂಘದ ಗ್ರಂಥ, ಭಾನುವಾರ ಈ ಹಿರಿಯರ ಮನೆ. ಬಸ್ ಚಾರ್ಜು, ಒಂದು ಚಿಪ್ಪು ಬಾಳೆಹಣ್ಣು, ಇಷ್ಟೇ ಖರ್ಚು. ಬರವಣಿಗೆ ಮುಂಬೈಯಿಂದ ಬಂದ ಮೇಲೆ.

ಹೋದ ಭಾನುವಾರ ಅಜ್ಜಿ ಎರಡು ಗಂಟೆ ಮಾತಾಡಿದರು, ಎಲ್ಲವೂ ಮೊಬೈಲಿನಲ್ಲಿ ದಾಖಲಾಗಿದೆ. ಇನ್ನೂ ಮೂವರ ಮನೆಗೆ ಹೋಗಬೇಕು.