ಕೆಲಸ ಬಿಡಬೇಡಿ, ಎಂ.ಟೆಕ್ ಬಿಡಲೂ ಬೇಡಿ: ದೂರದಿಂದಲೇ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಗೆಲ್ಲಲು 11 ಸೂತ್ರಗಳು

ಬಿ.ಇ. ಮುಗಿದು ಮೂರ್ನಾಲ್ಕು ವರ್ಷವಾಗಿದೆ. ಕೈಯಲ್ಲಿ ಕೆಲಸವಿದೆ. ಜೊತೆಗೆ ಮನೆ ಬಾಡಿಗೆ, ಊರಿಗೆ ಕಳಿಸುವ ದುಡ್ಡು, ತಂಗಿಯ ಓದಿನ ಖರ್ಚು ಎಲ್ಲವೂ ಇವೆ. ಚಿಪ್ ಡಿಸೈನ್, ಎಂಬೆಡೆಡ್ ಸಿಸ್ಟಮ್ಸ್, ಮೆಷಿನ್ ಲರ್ನಿಂಗ್‌ನಲ್ಲಿ ಆಳವಾಗಿ ಓದಬೇಕೆಂಬ ಆಸೆ ಹಾಗೇ ಉಳಿದಿದೆ. ಎರಡು ವರ್ಷ ಸಂಬಳ ಬಿಟ್ಟು ಹಾಸ್ಟೆಲ್ ಸೇರುವ ಸ್ಥಿತಿಯಲ್ಲಿ ನೀವಿಲ್ಲ. ಸರಿ, ಕೂತಲ್ಲಿಂದಲೇ ಓದಿ. ದಾರಿ ಇದೆ. ಅದನ್ನು ಸರಿಯಾಗಿ ಆರಿಸಿಕೊಂಡು ಪಟ್ಟಾಗಿ ಕೂತವರು ಕೆಲಸ ಮಾಡುತ್ತಲೇ ಪದವಿ ಮುಗಿಸುತ್ತಿದ್ದಾರೆ. ಮುಂದಿನ ಹೆಸರು ನಿಮ್ಮದಾಗಲಿ.

1. ಮೊದಲು ಮಾನ್ಯತೆ ನೋಡಿ, ಆಮೇಲೆ ಫೀಸು ಕಟ್ಟಿ

ಈ ಸೂತ್ರ ತಪ್ಪಿದರೆ ಉಳಿದ ಹತ್ತೂ ವ್ಯರ್ಥ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಭಾರತದಲ್ಲಿ ಎಂಜಿನಿಯರಿಂಗ್ ಪದವಿಯನ್ನು ಸಾಮಾನ್ಯ ದೂರಶಿಕ್ಷಣದ ಮಾದರಿಯಲ್ಲಿ ಕೊಡುವಂತಿಲ್ಲ. ಯುಜಿಸಿಯ 2020ರ ಮುಕ್ತ ಮತ್ತು ದೂರಶಿಕ್ಷಣ ನಿಯಮಗಳಲ್ಲಿ ಎಂಜಿನಿಯರಿಂಗ್ ನಿಷೇಧಿತ ವಿಷಯಗಳ ಪಟ್ಟಿಯಲ್ಲಿದೆ. ಅದಕ್ಕೂ ಮುಂಚೆ, 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಒಂದು ಕಠಿಣ ತೀರ್ಪು ಕೊಟ್ಟಿತ್ತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಪ್ರಕರಣ ಅದು. 2001ರಿಂದ 2005ರವರೆಗಿನ ವಿದ್ಯಾರ್ಥಿಗಳಿಗೆ ಎಐಸಿಟಿಇ ನಡೆಸುವ ಪರೀಕ್ಷೆ ಬರೆದು ಪದವಿ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. ಆಮೇಲೆ ಸೇರಿದವರ ಪದವಿ ರದ್ದಾಯಿತು. ಓದಿ, ಪಾಸಾಗಿ, ಅದರ ಮೇಲೆ ಬಡ್ತಿಯನ್ನೂ ಪಡೆದವರ ಕೈಯಲ್ಲಿ ಕೊನೆಗೆ ಉಳಿದದ್ದು ಬರೀ ಕಾಗದ. ಆ ಜನ ಸೋಮಾರಿಗಳಾಗಿರಲಿಲ್ಲ. ಮಾನ್ಯತೆ ಇಲ್ಲದ ಕಡೆ ಫೀಸು ಕಟ್ಟಿದ್ದರು, ಅಷ್ಟೆ.

ಆದ್ದರಿಂದ ಹೀಗೆ ಮಾಡಿ. ಏಜೆಂಟರ ಮಾತಿಗೆ ಕಿವಿಗೊಡಬೇಡಿ. "ಆರು ತಿಂಗಳಲ್ಲಿ ಎಂ.ಟೆಕ್", "ಪರೀಕ್ಷೆ ನಾವೇ ನೋಡಿಕೊಳ್ತೀವಿ" ಎಂದು ಫೋನ್ ಬಂದರೆ ಕಟ್ ಮಾಡಿ. ಕೋರ್ಸ್ ಯಾವ ಮಾದರಿಯದು, ಅದಕ್ಕೆ ಯಾರ ಅನುಮತಿ ಇದೆ, ಪದವಿ ಪತ್ರದಲ್ಲಿ ಏನೆಂದು ಬರೆದಿರುತ್ತದೆ ಎಂದು ಸಂಸ್ಥೆಗೇ ಇ-ಮೇಲ್ ಮಾಡಿ. ಉತ್ತರ ಲಿಖಿತವಾಗಿ ಬರಲಿ. ಅದನ್ನು ಜೋಪಾನವಾಗಿ ತೆಗೆದಿಡಿ.

2. ನಿಮ್ಮ ಗುರಿಗೆ ಒಪ್ಪುವ ದಾರಿ ಹಿಡಿಯಿರಿ

ಸಾಮಾನ್ಯ ದೂರಶಿಕ್ಷಣದ ದಾರಿ ಮುಚ್ಚಿದ್ದರೂ ಉದ್ಯೋಗಿಗಳಿಗಾಗಿಯೇ ರೂಪಿಸಿದ ಪದವಿಗಳಿವೆ. ಬಿಟ್ಸ್ ಪಿಲಾನಿಯ ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಪ್ರೋಗ್ರಾಂ 1979ರಿಂದ ನಡೆದು ಬಂದಿದೆ. ಅದರ ಎಂ.ಟೆಕ್‌ಗೆ ನಾಲ್ಕು ಸೆಮಿಸ್ಟರ್, ವಾರಾಂತ್ಯದಲ್ಲಿ ಲೈವ್ ತರಗತಿ, ಕೊನೆಯ ಸೆಮಿಸ್ಟರ್ ಡಿಸರ್ಟೇಶನ್‌ಗೆ. ನಮ್ಮ ಬೆಂಗಳೂರಿನ ಐಐಎಸ್‌ಸಿ ಕೂಡ ಕಂಪನಿ ಕಳಿಸುವ ಉದ್ಯೋಗಿಗಳಿಗಾಗಿ ಆನ್‌ಲೈನ್ ಎಂ.ಟೆಕ್ ನಡೆಸುತ್ತದೆ. ಐಐಟಿ ಕಾನ್ಪುರದ ಇ-ಮಾಸ್ಟರ್ಸ್‌ಗೆ ಗೇಟ್ ಸ್ಕೋರ್ ಬೇಕಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಶುರು ಮಾಡಿತು. ಶುರುವಿನಲ್ಲಿ ಅದರ ಒಟ್ಟು ಖರ್ಚು ಸುಮಾರು 7,000 ಡಾಲರ್. ಹತ್ತು ಕೋರ್ಸ್ ಮುಗಿಸಬೇಕು, ಆರು ವರ್ಷದವರೆಗೆ ಸಮಯವಿದೆ. ಕ್ಯಾಂಪಸ್ಸಿನಲ್ಲಿ ಓದಿದವರಿಗೂ ಆನ್‌ಲೈನಿನವರಿಗೂ ಅದೇ ಪದವಿ.

ಯಾವುದು ನಿಮಗೆ? ಖಾಸಗಿ ಕಂಪನಿಯಲ್ಲೇ ಮೇಲೇರುವ ಗುರಿಯಿದ್ದರೆ ಕಲಿಕೆಯ ಗುಣಮಟ್ಟ ನೋಡಿ ಆರಿಸಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ, ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಅಥವಾ ಪಿಎಚ್‌.ಡಿ. ಮಾಡುವ ಯೋಚನೆಯಿದ್ದರೆ ಎಚ್ಚರ. ವಿದೇಶಿ ಆನ್‌ಲೈನ್ ಪದವಿಗೆ ಇಲ್ಲಿ ತತ್ಸಮಾನ ಮಾನ್ಯತೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಗುರಿ ಬರೆದಿಟ್ಟುಕೊಂಡು ಅರ್ಜಿ ಹಾಕಿ. ಗೆಳೆಯ ಸೇರಿದ ಅಂತ ನೀವೂ ಸೇರಬೇಡಿ.

ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವವರಿಗೂ ಒಂದು ಮಾತು. ನಿಮಗೆ ಮೊದಲು ಬೇಕಿರುವುದು ಬಿ.ಇ. ಎಐಸಿಟಿಇ 2023ರಿಂದ ಉದ್ಯೋಗಿಗಳಿಗೆ ಅನುಕೂಲದ ವೇಳೆಯಲ್ಲಿ ತರಗತಿ ನಡೆಸಲು ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. ಹತ್ತಿರದ ಕಾಲೇಜಿನಲ್ಲಿ ಕೇಳಿ.

3. "ದೂರದಿಂದ ಓದಿದ್ದು ಎರಡನೇ ದರ್ಜೆ" ಎಂಬ ಅನುಮಾನ ಬಿಡಿ

ಈ ಅನುಮಾನ ಬರೀ ಅಭ್ಯಾಸ. ಮಾಹಿತಿಯಿಂದ ಅದನ್ನು ಓಡಿಸಿ. ದೂರದಿಂದ ಎಂಜಿನಿಯರಿಂಗ್ ಕಲಿಸುವುದು ಕೋವಿಡ್ ಕಾಲದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯ 1967ರಲ್ಲೇ ಪಾಠಗಳನ್ನು ವಿಡಿಯೊ ಟೇಪ್ ಮಾಡಿ ಕಂಪನಿಗಳ ಎಂಜಿನಿಯರುಗಳಿಗೆ ತಲುಪಿಸತೊಡಗಿತು. 1969ರಲ್ಲಿ ಸ್ಟ್ಯಾನ್‌ಫರ್ಡ್ ತನ್ನ ತರಗತಿಗಳನ್ನು ಟಿವಿ ಮೂಲಕ ಸುತ್ತಲಿನ ಕಂಪನಿಗಳಿಗೆ ಪ್ರಸಾರ ಮಾಡಿತು. ಪದವಿಗೆ ತೂಕ ಬರುವುದು ನೀವು ಬಿಡಿಸಿದ ಸಮಸ್ಯೆಗಳಿಂದ. ಇಂಟರ್‌ವ್ಯೂನಲ್ಲಿ "ಎಲ್ಲಿ ಕೂತು ಓದಿದಿರಿ" ಎಂಬ ಪ್ರಶ್ನೆ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. "ಈ ಸರ್ಕ್ಯೂಟ್ ಯಾಕೆ ಹೀಗೆ ಕೆಲಸ ಮಾಡುತ್ತಿದೆ" ಎಂಬುದು ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆಗೆ ತಯಾರಾಗಿ.

4. ಅರ್ಜಿಗೆ ಮುಂಚೆ ಒಂದು ಎನ್‌ಪಿಟಿಇಎಲ್ ಕೋರ್ಸ್ ಮುಗಿಸಿ

ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿ. ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ನಿಮ್ಮ ವಿಷಯದ 12 ವಾರದ ಕೋರ್ಸ್ ಆರಿಸಿ. ಪ್ರತಿ ವಾರದ ಅಸೈನ್‌ಮೆಂಟ್ ತಪ್ಪದೆ ಕಳಿಸಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಿರಿ. ಅಂತಿಮ ಅಂಕದಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಸರ್ಟಿಫಿಕೇಟ್ ಬಂದರೆ ಸಂತೋಷ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಆಫೀಸಿನ ರಿಲೀಸ್, ಊರಿನ ಜಾತ್ರೆ, ಜ್ವರ, ನೆಂಟರು, ಇದೆಲ್ಲದರ ನಡುವೆ ಮೂರು ತಿಂಗಳು ಬಿಡದೆ ಓದಬಲ್ಲೆ ಎಂಬುದು ನಿಮಗೇ ಗೊತ್ತಾಗುತ್ತದೆ.

5. ಗಣಿತದ ತುಕ್ಕು ಬಿಡಿಸಿ

ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಡಿಫರೆನ್ಷಿಯಲ್ ಈಕ್ವೇಶನ್ಸ್. ಈ ಮೂರನ್ನು ತರಗತಿ ಶುರುವಾಗುವ ಎರಡು ತಿಂಗಳ ಮೊದಲೇ ಹಿಡಿಯಿರಿ. ವಿಡಿಯೊ ನೋಡಿ ತಲೆಯಾಡಿಸಿದರೆ ಸಾಲದು. ಪೆನ್ನು ಹಿಡಿದು ದಿನಕ್ಕೆ ಐದು ಲೆಕ್ಕ ಬಿಡಿಸಿ. ಮೆಷಿನ್ ಲರ್ನಿಂಗ್ ಕಷ್ಟ ಎನ್ನುವ ಅನೇಕರಿಗೆ ನಿಜಕ್ಕೂ ಕಷ್ಟವಾಗಿರುವುದು ಮ್ಯಾಟ್ರಿಕ್ಸ್. ಅಲ್ಲಿ ಗಟ್ಟಿಯಾದರೆ ಮುಂದಿನ ದಾರಿ ಸಲೀಸು.

6. ವಾರಕ್ಕೆ 12 ಗಂಟೆ ಕಾಯ್ದಿರಿಸಿ

"ಟೈಮ್ ಸಿಕ್ಕಾಗ ಓದ್ತೀನಿ" ಎನ್ನಬೇಡಿ, ಟೈಮ್ ಸಿಗುವುದಿಲ್ಲ. ಸಂಜೆಯನ್ನು ನಂಬಬೇಡಿ. ಸಂಜೆ ಆಫೀಸಿನದು, ಟ್ರಾಫಿಕ್‌ನದು, ಅಮೆರಿಕದ ಕ್ಲೈಂಟ್ ಕಾಲ್‌ನದು. ಬೆಳಗ್ಗೆ 5ರಿಂದ 6.30 ಮಾತ್ರ ನಿಮ್ಮದು. ಐದು ಬೆಳಗ್ಗೆ ಅಂದರೆ ಏಳೂವರೆ ಗಂಟೆ. ಉಳಿದದ್ದನ್ನು ಶನಿವಾರ, ಭಾನುವಾರ ತುಂಬಿಸಿ. ಇದು ಒಂದೆರಡು ವಿಷಯಕ್ಕೆ ಸಾಕು. ವಿಷಯ ಹೆಚ್ಚಿದ್ದರೆ ಗಂಟೆಯೂ ಹೆಚ್ಚಲಿ.

ಗಂಟೆಗಳನ್ನು ಹಂಚುವುದರಲ್ಲೂ ಜಾಣತನ ಬೇಕು. ಹೊಸ ಡೆರಿವೇಶನ್, ಕೋಡಿಂಗ್ ಅಸೈನ್‌ಮೆಂಟ್‌ಗೆ ಬೆಳಗಿನ ತಾಜಾ ತಲೆ ಕೊಡಿ. ಕೇಳಿದ ಪಾಠವನ್ನು ಮತ್ತೊಮ್ಮೆ ಕೇಳುವುದಕ್ಕೆ ಮೆಟ್ರೊ ಪ್ರಯಾಣ ಸಾಕು. ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ನೇರಳೆ ಮಾರ್ಗದಲ್ಲಿ ಒಂದು ಇಡೀ ಲೆಕ್ಚರ್ ಮುಗಿಯುತ್ತದೆ. ವಿಡಿಯೊಗಳನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ವಿದೇಶಿ ಕೋರ್ಸ್ ಸೇರಿದವರು ಡೆಡ್‌ಲೈನಿನ ಗಡಿಯಾರ ಅರ್ಥ ಮಾಡಿಕೊಳ್ಳಿ. ಕೆಲವು ಕೋರ್ಸ್‌ಗಳಲ್ಲಿ "ಎನಿವೇರ್ ಆನ್ ಅರ್ತ್" ಸಮಯದ ಲೆಕ್ಕವಿರುತ್ತದೆ. ಅದರ ಭಾನುವಾರ ರಾತ್ರಿ 11.59 ನಮಗೆ ಸೋಮವಾರ ಸಂಜೆ 5.29. ಆ ಹೆಚ್ಚುವರಿ ಹೊತ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಸೋಮವಾರ ಮೀಟಿಂಗ್‌ಗಳ ದಿನ. ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಸಬ್‌ಮಿಟ್ ಮಾಡಿ, ನಿಶ್ಚಿಂತೆಯಿಂದ ಊಟ ಮಾಡಿ.

7. ಮ್ಯಾನೇಜರ್‌ಗೆ ಹೇಳಿ, ಬಾಂಡ್ ಓದಿ

ಗುಟ್ಟಾಗಿ ಓದಬೇಡಿ. ಪರೀಕ್ಷೆಯ ವಾರದಲ್ಲಿ ಆನ್-ಕಾಲ್ ಡ್ಯೂಟಿ ಬಿದ್ದರೆ ಯಾರನ್ನು ಕೇಳುತ್ತೀರಿ? ಸೆಮಿಸ್ಟರ್ ಶುರುವಾದ ದಿನವೇ ಪರೀಕ್ಷೆಯ ದಿನಾಂಕಗಳನ್ನು ಮ್ಯಾನೇಜರ್‌ಗೆ ಕಳಿಸಿ, ರಜೆ ಹಾಕಿಬಿಡಿ. ಫೀಸಿನ ಸ್ವಲ್ಪ ಭಾಗವನ್ನು ಕಂಪನಿ ಕೊಡುತ್ತದೆಯೇ ಎಂದು ಎಚ್‌ಆರ್‌ನವರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಅದಕ್ಕೆಂದೇ ಹಣ ಎತ್ತಿಡುವ ಕಂಪನಿಗಳಿವೆ. ಆದರೆ ಸಹಿ ಹಾಕುವ ಮುನ್ನ ಬಾಂಡಿನ ಪ್ರತಿ ಸಾಲು ಓದಿ: ಎಷ್ಟು ವರ್ಷ ಇರಬೇಕು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು, ಕಂಪನಿಯೇ ನಿಮ್ಮನ್ನು ತೆಗೆದರೆ ಏನು. ಬ್ಯಾಂಕಿನ ಶಿಕ್ಷಣ ಸಾಲ ಮಾಡುವವರು, ಹಳೆಯ ತೆರಿಗೆ ಪದ್ಧತಿಯಲ್ಲಿ ಅದರ ಬಡ್ಡಿಗೆ 8 ವರ್ಷದವರೆಗೆ ಸಿಗುವ ಕಡಿತವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

8. ಮನೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆ ಬರೆಯಿರಿ

ಅಡುಗೆಮನೆಯ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ ಎಲ್ಲ ಇರುವ ಹಾಳೆ, ಅದರಲ್ಲೇ ಪರೀಕ್ಷೆಯ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಫೋನಿನ ಕ್ಯಾಲೆಂಡರ್ ನಿಮ್ಮೊಬ್ಬರಿಗೆ ಕಾಣುತ್ತದೆ, ಇದು ಮನೆಮಂದಿಗೆಲ್ಲ ಕಾಣುತ್ತದೆ. ಗೃಹಪ್ರವೇಶಕ್ಕೆ ಕರೆ ಬಂದಾಗ "ಆವತ್ತು ಅವನಿಗೆ ಪರೀಕ್ಷೆ ಇದೆ, ನಾವು ಬರ್ತೀವಿ" ಎಂದು ಅಮ್ಮನೇ ಹೇಳುತ್ತಾರೆ. ಮದುವೆಯಾದವರು ಸಂಗಾತಿಯ ಜೊತೆ ಕೂತು ಕೆಲಸ ಹಂಚಿಕೊಳ್ಳಿ. ಹೆಣ್ಣುಮಕ್ಕಳಿಗೆ ಇನ್ನೂ ಒತ್ತಿ ಹೇಳುತ್ತೇನೆ: ಓದಿನ ಹೊತ್ತನ್ನು ಅಡುಗೆಮನೆಗೆ ಬಿಟ್ಟುಕೊಡಬೇಡಿ. ಬೆಳಗಿನ ತಿಂಡಿ ಬೇರೆಯವರೂ ಮಾಡಬಲ್ಲರು, ನಿಮ್ಮ ಅಸೈನ್‌ಮೆಂಟ್ ನೀವೇ ಬರೆಯಬೇಕು.

9. ಗುಂಪು ಕಟ್ಟಿ, ಕನ್ನಡದಲ್ಲೇ ಚರ್ಚಿಸಿ

ದೂರದಿಂದ ಓದುವವರ ದೊಡ್ಡ ಶತ್ರು ಒಂಟಿತನ. ಮೊದಲ ವಾರವೇ ನಾಲ್ಕು ಜನರ ಗುಂಪು ಮಾಡಿ. ವಾರಕ್ಕೊಮ್ಮೆ ಒಂದು ಗಂಟೆ ಕಾಲ್ ಇಟ್ಟುಕೊಳ್ಳಿ. ಒಬ್ಬೊಬ್ಬರು ಒಂದೊಂದು ಟಾಪಿಕ್ ವಿವರಿಸಿ. ಕನ್ನಡ ಮಾಧ್ಯಮದಿಂದ ಬಂದವರು ಹಿಂಜರಿಯಬೇಡಿ, ಕನ್ವಲ್ಯೂಶನ್ ಆಗಲಿ ಬ್ಯಾಕ್‌ಪ್ರೊಪಗೇಶನ್ ಆಗಲಿ, ಕನ್ನಡದಲ್ಲಿ ಹೇಳಿ ನೋಡಿ. ತಡವರಿಸಿದ ಜಾಗವೇ ನಿಮಗೆ ಅರ್ಥವಾಗದ ಜಾಗ. ಆಮೇಲೆ ಉತ್ತರ ಇಂಗ್ಲಿಷಿನಲ್ಲಿ ಬರೆಯಿರಿ.

ಚರ್ಚೆ ಬೇರೆ, ನಕಲು ಬೇರೆ. ಕೋಡ್ ಹಂಚಿಕೊಳ್ಳಬೇಡಿ. ಅಸೈನ್‌ಮೆಂಟ್‌ಗಳನ್ನು ಸಾಫ್ಟ್‌ವೇರ್ ಹೋಲಿಸಿ ನೋಡುತ್ತದೆ. ಎಐ ಸಾಧನ ಬಳಸಬಹುದೇ ಎಂದು ಪ್ರತಿ ಕೋರ್ಸಿನ ನಿಯಮ ಓದಿ. ಒಮ್ಮೆ ಸಿಕ್ಕಿಬಿದ್ದರೆ ವರ್ಷಗಳ ದುಡಿಮೆ ಹೋಗುತ್ತದೆ.

10. ಪರೀಕ್ಷೆಯ ದಿನ ಕರೆಂಟ್ ನಂಬಬೇಡಿ

ಪರೀಕ್ಷೆ ಮನೆಯಿಂದಲೇ ಬರೆಯುವುದಾದರೆ ಇಡೀ ಹೊತ್ತು ಕ್ಯಾಮೆರಾ ಆನ್ ಇರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಸರಿ. ವೈಫೈ ರೂಟರ್‌ಗೆ? ಕರೆಂಟ್ ಹೋದ ಕ್ಷಣ ಅದು ಸಾಯುತ್ತದೆ. ರೂಟರ್‌ಗೆ ಸಿಕ್ಕಿಸುವ ಚಿಕ್ಕ 12 ವೋಲ್ಟ್ ಯುಪಿಎಸ್ ಸಿಗುತ್ತದೆ, ಕೊಂಡುಕೊಳ್ಳಿ. ಬೇರೆ ಕಂಪನಿಯ ಸಿಮ್ ಇರುವ ಫೋನಿನ ಹಾಟ್‌ಸ್ಪಾಟ್ ತಯಾರಿರಲಿ. ಆಫೀಸಿನ ಲ್ಯಾಪ್‌ಟಾಪ್ ಬಳಸಬೇಡಿ, ಅದರ ಸೆಕ್ಯುರಿಟಿ ಸಾಫ್ಟ್‌ವೇರ್ ಪರೀಕ್ಷೆಯ ಆ್ಯಪ್ ಅನ್ನೇ ತಡೆಯಬಹುದು. ಹಿಂದಿನ ದಿನ ಮಾಕ್ ಟೆಸ್ಟ್‌ಗೆ ಲಾಗಿನ್ ಆಗಿ, ಅದೇ ಮೇಜು, ಅದೇ ಕುರ್ಚಿ, ಅದೇ ಬೆಳಕಿನಲ್ಲಿ. ತೊಂದರೆಯಾದರೆ ಆ ಕ್ಷಣವೇ ಸ್ಕ್ರೀನ್‌ಶಾಟ್ ತೆಗೆದು ಸಹಾಯವಾಣಿಗೆ ಬರೆಯಿರಿ.

11. ಡಿಸರ್ಟೇಶನ್ ವಿಷಯವನ್ನು ಎರಡನೇ ಸೆಮಿಸ್ಟರ್‌ನಲ್ಲೇ ಹುಡುಕಿ

ಇಲ್ಲಿ ನೀವು ಕ್ಯಾಂಪಸ್ ವಿದ್ಯಾರ್ಥಿಗಿಂತ ಮುಂದಿದ್ದೀರಿ. ಅವರು ಸಮಸ್ಯೆ ಹುಡುಕಬೇಕು, ನಿಮ್ಮ ಮೇಜಿನ ಮೇಲೆ ಸಮಸ್ಯೆಗಳೇ ಬಿದ್ದಿವೆ. ಟೆಸ್ಟ್ ಬೆಂಚಿನಲ್ಲಿ ಪದೇ ಪದೇ ಕೈಕೊಡುವ ಸೆನ್ಸರ್, ಗಂಟೆಗಟ್ಟಲೆ ಓಡುವ ಸಿಮ್ಯುಲೇಶನ್, ಯಾರೂ ಮುಟ್ಟದ ಲಾಗ್ ಡೇಟಾ, ಎಲ್ಲವೂ ವಿಷಯವೇ. ಚಿಕ್ಕದನ್ನು ಆರಿಸಿ, ಅಳೆಯಬಲ್ಲದ್ದನ್ನು ಆರಿಸಿ. "ಎಐ ಬಳಸಿ ಉತ್ಪಾದನೆ ಸುಧಾರಣೆ" ಎಂದು ಬರೆದರೆ ನಿಮ್ಮ ಪ್ರಪೋಸಲ್ ವಾಪಸ್ ಬರುತ್ತದೆ. ಯಾವ ಯಂತ್ರ, ಯಾವ ದೋಷ, ಯಾವ ವಿಧಾನ, ಈಗ ಎಷ್ಟಿದೆ, ಎಷ್ಟಕ್ಕೆ ಇಳಿಸುತ್ತೀರಿ ಎಂದು ಬರೆಯಿರಿ.

ಮೂರು ಕೆಲಸ ಮೊದಲೇ ಮುಗಿಸಿ. ಕಂಪನಿಯ ಡೇಟಾ ಬಳಸಲು ಲಿಖಿತ ಅನುಮತಿ ಪಡೆಯಿರಿ, ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಆಫೀಸಿನಲ್ಲೇ ಮಾರ್ಗದರ್ಶಕರು ಬೇಕೆಂಬ ನಿಯಮವಿದ್ದರೆ ಅರ್ಹತೆ ಇರುವ ಹಿರಿಯರೊಬ್ಬರನ್ನು ಒಪ್ಪಿಸಿ, ಅವರು ಕೆಲಸ ಬದಲಿಸಿದರೆ ಮುಂದೆ ಯಾರು ಎಂಬುದನ್ನೂ ಯೋಚಿಸಿಡಿ. ಮತ್ತು ಮೊದಲ ದಿನದಿಂದಲೇ ಪ್ರಯೋಗದ ಟಿಪ್ಪಣಿ ಇಡಿ: ದಿನಾಂಕ, ಸೆಟ್ಟಿಂಗ್, ಫಲಿತಾಂಶ, ವಿಫಲವಾದದ್ದೂ ಸೇರಿ. ಕೊನೆಯ ತಿಂಗಳಲ್ಲಿ ವರದಿಯ ಅರ್ಧ ಭಾಗ ಆ ನೋಟ್‌ಬುಕ್‌ನಿಂದಲೇ ಎದ್ದು ಬರುತ್ತದೆ.

ಈ ನಡುವೆ ಆರೋಗ್ಯ ಕೆಟ್ಟರೆ, ಮಗು ಹುಟ್ಟಿದರೆ, ಕೆಲಸ ಬದಲಾದರೆ ಓದು ಬಿಟ್ಟುಬಿಡಬೇಡಿ. ಒಂದು ವಿಷಯ ಕಮ್ಮಿ ಮಾಡಿ ಅಥವಾ ಒಂದು ಸೆಮಿಸ್ಟರ್ ಬಿಡುವು ತೆಗೆದುಕೊಳ್ಳಿ. ಆದರೆ ವಿತ್‌ಡ್ರಾ ಮಾಡುವ ಕೊನೆಯ ದಿನಾಂಕದೊಳಗೆ ಅರ್ಜಿ ಕೊಡಿ, ತಡವಾದರೆ ಅದು ಫೇಲ್ ಎಂದೇ ದಾಖಲಾಗಬಹುದು. ಪದವಿಗೆ ಇರುವ ಗರಿಷ್ಠ ಅವಧಿಯನ್ನೂ ಈಗಲೇ ತಿಳಿದುಕೊಳ್ಳಿ. ಎರಡೂ ನಿಮ್ಮ ಪ್ರಾಸ್ಪೆಕ್ಟಸ್‌ನಲ್ಲಿವೆ. ಇವತ್ತು ರಾತ್ರಿ ಮಲಗುವ ಮುಂಚೆ ತೆಗೆದು ನೋಡಿ.