ಮರಳುನಾಡಿನಲ್ಲಿ ದೇಹದ ಹಕ್ಕು

ನೀವು ಸೌದಿ ಅರೇಬಿಯಾದಲ್ಲಿ ದುಡಿಯುವವರಾಗಿದ್ದರೆ ಅಥವಾ ನಿಮ್ಮ ಮನೆಯಿಂದ ಯಾರಾದರೂ ಅಲ್ಲಿಗೆ ಹೋಗಿದ್ದರೆ ಈ ಮಾತುಗಳು ನಿಮಗಾಗಿ. ಭಟ್ಕಳ, ಉಡುಪಿ, ಮಂಗಳೂರು, ಉಳ್ಳಾಲಗಳಿಂದ ರಿಯಾದ್‌ಗೋ ಜಿದ್ದಾಕ್ಕೋ ಹೋದ ಯುವಕನ ದಿನಚರಿಯನ್ನು ಒಮ್ಮೆ ಗಮನಿಸಿರಿ. ಎ.ಸಿ. ಇರುವ ಕೋಣೆಯಿಂದ ಎದ್ದು, ಎ.ಸಿ. ಇರುವ ವಾಹನದಲ್ಲಿ ಕುಳಿತು, ಎ.ಸಿ. ಇರುವ ಅಂಗಡಿಯನ್ನು ಸೇರುತ್ತಾನೆ. ರಾತ್ರಿ ಹನ್ನೊಂದು ಗಂಟೆಗೆ ಕೋಣೆಗೆ ಮರಳಿ, ಅನ್ನ ಮತ್ತು ಕೋಳಿಯ ದೊಡ್ಡ ತಟ್ಟೆಯನ್ನು ಮುಗಿಸಿ, ಮೇಲೆ ಒಂದು ಪೆಪ್ಸಿ ಕುಡಿದು ಮಲಗುತ್ತಾನೆ. ವರ್ಷಕ್ಕೆ ಹನ್ನೊಂದು ತಿಂಗಳು ಇದೇ ಕ್ರಮ. ಊರಿನಲ್ಲಿದ್ದಾಗ ತೆಂಗಿನ ತೋಟಕ್ಕೆ ನೀರು ಹಾಯಿಸಿದವನು, ಗುಡ್ಡ ಹತ್ತಿ ಶಾಲೆಗೆ ಹೋದವನು, ಮಳೆಯಲ್ಲಿ ಫುಟ್‌ಬಾಲ್ ಆಡಿದವನು ಇವನೇ ಎಂದರೆ ನಂಬುವುದು ಕಷ್ಟ.

ರಿಯಾದ್‌ನಲ್ಲಿ ನನ್ನ ಕೋಣೆಯಲ್ಲಿದ್ದ ಸಹೋದರರೊಬ್ಬರು ಮೂವತ್ತೆಂಟರ ವಯಸ್ಸಿನಲ್ಲಿ ಉಮ್ರಾಕ್ಕೆ ಹೋದರು. ಸಫಾ ಮತ್ತು ಮರ್ವಾಗಳ ನಡುವೆ ಏಳು ಸಲ ನಡೆಯುವುದೆಂದರೆ ಒಟ್ಟು ಸುಮಾರು ಮೂರು ಕಿಲೋಮೀಟರ್. ನಾಲ್ಕನೆಯ ಸಲಕ್ಕೆ ಅವರು ಗೋಡೆ ಹಿಡಿದು ಕುಳಿತರು. ಪಕ್ಕದಲ್ಲಿ ಎಪ್ಪತ್ತು ದಾಟಿದ ಇಂಡೋನೇಷ್ಯಾದ ವೃದ್ಧೆಯೊಬ್ಬರು ಸರಸರನೆ ನಡೆದು ಹೋಗುತ್ತಿದ್ದರಂತೆ. ಮರಳಿ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. “ಇಲ್ಲಿ ಹೊರಗೆ ನಡೆಯುವುದೆಲ್ಲಿ? ಬಿಸಿಲು, ಮರಳು, ಇಲ್ಲದ ಕಾನೂನು” ಎಂಬುದು ಅವರ ಉತ್ತರವಾಗಿತ್ತು. ಈ ಉತ್ತರವನ್ನು ನಾನೂ ಬಹುಕಾಲ ಹೇಳಿಕೊಂಡಿದ್ದೆ.

ದೇಹಕ್ಕೆ ನಮ್ಮ ಮೇಲೆ ಹಕ್ಕಿದೆ ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ಪಾಠ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹಟ ಹಿಡಿದಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರವರಿಗೆ ಅವರು ಅದನ್ನು ನೆನಪಿಸಿದರು. ಆರಾಧನೆಯ ಹೆಸರಿನಲ್ಲೂ ದೇಹವನ್ನು ಸವೆಸಬಾರದೆಂದ ಮೇಲೆ ಸಂಬಳದ ಹೆಸರಿನಲ್ಲಿ ಸವೆಸಬಹುದೇ? ಹ. ಆಯಿಶಾ(ರ)ರೊಂದಿಗೆ ಅವರು ಎರಡು ಸಲ ಓಟದ ಸ್ಪರ್ಧೆ ನಡೆಸಿದ್ದು, ಮೊದಲ ಸಲ ಆಯಿಶಾ(ರ) ಗೆದ್ದದ್ದು, ಎರಡನೆಯ ಸಲ ಸೋತದ್ದು ಹದೀಸ್ ಗ್ರಂಥಗಳಲ್ಲಿದೆ. ಶನಿವಾರಗಳಂದು ಅವರು ಕುಬಾ ಮಸೀದಿಗೆ ಕೆಲವೊಮ್ಮೆ ವಾಹನದ ಮೇಲೆ, ಕೆಲವೊಮ್ಮೆ ನಡೆದು ಹೋಗುತ್ತಿದ್ದರು. ಇಂದು ಮದೀನಾಕ್ಕೆ ಹೋಗುವವರು ಮಸ್ಜಿದುನ್ನಬವಿಯಿಂದ ಕುಬಾದವರೆಗೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಪಾದಚಾರಿಗಳಿಗೆಂದೇ ನಿರ್ಮಿಸಿದ ದಾರಿಯನ್ನು ಕಾಣಬಹುದು. ನಮ್ಮಲ್ಲಿ ಹೆಚ್ಚಿನವರು ಅದನ್ನು ಟ್ಯಾಕ್ಸಿಯ ಕಿಟಕಿಯಿಂದ ನೋಡುತ್ತಾರೆ!

ತವಾಫ್‌ನ ಮೊದಲ ಮೂರು ಸುತ್ತುಗಳಲ್ಲಿ ಪುರುಷರು ಬಿರುಸಾಗಿ ನಡೆಯುವ ಕ್ರಮವು ಹೇಗೆ ಬಂತೆಂದು ನಿಮಗೆ ತಿಳಿದಿರಬಹುದು. ಹಿಜರಿ 7ರಲ್ಲಿ, ಅಂದರೆ ಕ್ರಿ.ಶ. 629ರಲ್ಲಿ, ಮುಸ್ಲಿಮರು ಉಮ್ರಾಕ್ಕೆ ಬಂದಾಗ ಯಸ್ರಿಬ್‌ನ ಜ್ವರವು ಇವರನ್ನು ನಿತ್ರಾಣಗೊಳಿಸಿದೆ ಎಂದು ಮಕ್ಕಾದವರು ಆಡಿಕೊಂಡರು. ಅದಕ್ಕೆ ಉತ್ತರವೆಂಬಂತೆ ಪ್ರವಾದಿವರ್ಯರು(ಸ) ಹೆಗಲು ನಿಮಿರಿಸಿ ವೇಗವಾಗಿ ಹೆಜ್ಜೆ ಹಾಕಲು ಹೇಳಿದರು. ಅದೇ ನಾಡಿನಲ್ಲಿ ವಾಸಿಸುತ್ತಾ ಆ ಮೂರು ಸುತ್ತಿಗೆ ಏದುಸಿರು ಬಿಡುವ ಸ್ಥಿತಿ ನಮ್ಮದಾಗಬಾರದಷ್ಟೆ.

ಈಗ ಬಿಸಿಲಿನ ವಿಷಯಕ್ಕೆ ಬರೋಣ. ಇದು ನೆಪವಲ್ಲ, ನಿಜವಾದ ಅಪಾಯ. 2024ರ ಹಜ್ಜ್‌ನಲ್ಲಿ ಮಕ್ಕಾದ ಹರಮ್‌ನಲ್ಲಿ ತಾಪಮಾನ 51.8 ಡಿಗ್ರಿಗೇರಿತು. ಆ ಹಜ್ಜ್‌ನಲ್ಲಿ 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ ಬಹುತೇಕರು ಪರವಾನಿಗೆಯಿಲ್ಲದೆ ಬಂದು, ನೆರಳು, ವಿಶ್ರಾಂತಿಗಳಿಲ್ಲದೆ ಬಹುದೂರ ನಡೆದವರು. ಆದ್ದರಿಂದ ನಡೆಯಿರಿ ಎಂದು ಹೇಳುವವನು ಯಾವಾಗ ನಡೆಯಬಾರದು ಎಂಬುದನ್ನೂ ಹೇಳಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆಯ ತನಕ ತೆರೆದ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿ ಕಾನೂನಿದೆ. ಕೂಲಿಗೇ ನಿಷೇಧವಿರುವ ಹೊತ್ತಿನಲ್ಲಿ ವ್ಯಾಯಾಮಕ್ಕೆ ಹೊರಡುವುದು ಶೌರ್ಯವಲ್ಲ. ತೀವ್ರ ಸೆಖೆಯಲ್ಲಿ ಝುಹರ್ ನಮಾಝನ್ನೇ ತುಸು ತಣಿಯುವವರೆಗೆ ತಡಮಾಡುವಂತೆ ಪ್ರವಾದಿವರ್ಯರು(ಸ) ಹೇಳಿರುವಾಗ ನಡಿಗೆಯ ಮಾತೇನು?

ಹಾಗಾದರೆ ಯಾವಾಗ? ನಮಾಝ್‌ನ ವೇಳಾಪಟ್ಟಿಯೇ ಇದಕ್ಕೆ ಉತ್ತರ ಕೊಡುತ್ತದೆ. ಜೂನ್ ತಿಂಗಳಲ್ಲಿ ರಿಯಾದ್‌ನಲ್ಲಿ ಸೂರ್ಯ ಹುಟ್ಟುವುದು ಐದು ಗಂಟೆಯ ಹೊತ್ತಿಗೆ. ಸುಬ್ಹ್ ಜಮಾಅತ್ ಮುಗಿಸಿ ಹೊರಬಂದರೆ ಬಿಸಿಲು ಬಲಿಯುವ ಮೊದಲು ಒಂದು ಗಂಟೆಗೂ ಹೆಚ್ಚು ಸಮಯ ಸಿಗುತ್ತದೆ. ದಿನದ ಅತ್ಯಂತ ತಂಪಾದ ಹೊತ್ತು ಅದುವೇ. ಮಸೀದಿಯಿಂದ ನೇರವಾಗಿ ಹಾಸಿಗೆಗೆ ಮರಳುವ ಬದಲು ಅರ್ಧ ಗಂಟೆ ಸುತ್ತು ಹಾಕಿ ಬನ್ನಿರಿ. ವಾರಕ್ಕೆ ಐದು ದಿನ ಹೀಗೆ ಮಾಡಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷಗಳು ಪೂರ್ತಿಯಾದವು. ಇನ್ನು ನಿದ್ರೆಯೋ? ಮಧ್ಯಾಹ್ನದ ಕಿರುನಿದ್ರೆಗೆ ಅರಬರಲ್ಲಿ ಖೈಲೂಲ ಎಂಬ ಹೆಸರೇ ಇದೆ. ಅನೇಕ ಅಂಗಡಿಗಳು ಆಗ ಮುಚ್ಚಿರುತ್ತವೆ. ಆ ಹೊತ್ತನ್ನು ಫೋನಿಗೆ ಕೊಡದೆ ನಿದ್ರೆಗೆ ಕೊಡಿರಿ.

ಕರಾವಳಿಯಿಂದ ಬಂದವರು ಒಂದು ವಿಷಯವನ್ನು ವಿಶೇಷವಾಗಿ ಅರಿಯಬೇಕು. ನಮ್ಮೂರಿನ ಸೆಖೆಯಲ್ಲಿ ಬೆವರು ಇಳಿಯುವುದು ಕಾಣುತ್ತದೆ, ಅಂಗಿ ಒದ್ದೆಯಾಗುತ್ತದೆ, ಬಾಯಾರಿಕೆಯಾಗುತ್ತದೆ. ರಿಯಾದ್‌ನ ಒಣ ಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ. “ನನಗೆ ಬೆವರೇ ಬರಲಿಲ್ಲ” ಎಂದು ನೀವು ಹಿಗ್ಗುವಾಗ ದೇಹದಿಂದ ಒಂದು ಲೀಟರ್ ನೀರು ಹೋಗಿರಬಹುದು. ಜಿದ್ದಾ, ದಮ್ಮಾಮ್‌ಗಳಲ್ಲಿ ಇದಕ್ಕೆ ವಿರುದ್ಧ. ಅಲ್ಲಿನ ಸಮುದ್ರದ ತೇವದಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡದು. ಆದ್ದರಿಂದ ಜಿದ್ದಾದಲ್ಲಿ 36 ಡಿಗ್ರಿಯು ರಿಯಾದ್‌ನ 40ಕ್ಕಿಂತ ಹೆಚ್ಚು ದಣಿಸುವುದುಂಟು. ಎರಡೂ ಕಡೆ ಬಾಯಾರುವ ಮೊದಲೇ ಕುಡಿಯಿರಿ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲದೆಂದೇ ಅರ್ಥ. ರಕ್ತದೊತ್ತಡವಿಲ್ಲದವರಿಗೆ ನಡಿಗೆಯ ಬಳಿಕ ಉಪ್ಪು ಹಾಕಿದ ಲಿಂಬೆ ಪಾನಕ ಅಥವಾ ನಮ್ಮ ಅಮ್ಮಂದಿರ ಗಂಜಿತಿಳಿ ಪೆಪ್ಸಿಗಿಂತ ನೂರು ಪಾಲು ಮೇಲು.

ಸೆಖೆಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಎರಡು ತಿಂಗಳ ರಜೆ ಮುಗಿಸಿ ಮಳೆಗಾಲದ ಊರಿನಿಂದ ಆಗಸ್ಟ್‌ನಲ್ಲಿ ಮರಳುವವರು ಹಿಂದಿನ ಅಭ್ಯಾಸವನ್ನು ನಂಬಬಾರದು. ಅದು ರಜೆಯಲ್ಲಿ ಕಳೆದುಹೋಗಿರುತ್ತದೆ. ಹತ್ತು ನಿಮಿಷದಿಂದ ಪುನಃ ಆರಂಭಿಸಿರಿ. ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ಕೂಡಲೇ ನೆರಳು ಸೇರಿರಿ. ಜೊತೆಗಿದ್ದವನು ಅಸಂಬದ್ಧವಾಗಿ ಮಾತನಾಡತೊಡಗಿದರೆ, ಮೈ ಕಾದ ಹೆಂಚಿನಂತಾದರೆ, ಅದು ಉಷ್ಣಾಘಾತ. ಆಗ ಆಂಬುಲೆನ್ಸ್‌ಗೆ ಕಾಯುತ್ತಾ ಕೂರದೆ ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಬೇಕು. ಅವನ ಜೀವ ಉಳಿಸುವುದು ಆ ಮೊದಲ ನಿಮಿಷಗಳೇ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ಮಾತ್ರ ನೀರು ಹಾಕಬೇಡಿರಿ.

ಇಷ್ಟೆಲ್ಲ ಬರೆಯುವಾಗ ಒಂದು ವರ್ಗದ ಸಹೋದರರು ಕಣ್ಣ ಮುಂದೆ ಬರುತ್ತಾರೆ. ರಸ್ತೆ, ಕಟ್ಟಡ, ಕೊಳವೆಗಳ ಕೆಲಸದಲ್ಲಿ ದಿನವಿಡೀ ಹೊರಗೇ ಇರುವವರಿಗೆ ‘ಹೊರಗೆ ನಡೆಯಿರಿ’ ಎಂಬ ಉಪದೇಶ ಕ್ರೂರ ಹಾಸ್ಯವಾದೀತು. ಅವರಿಗೆ ಬೇಕಾದುದು ನೆರಳು, ನೀರು, ನಿದ್ರೆ. ನೀವು ಮೇಸ್ತ್ರಿಯೋ ಸೂಪರ್‌ವೈಸರೋ ಆಗಿದ್ದರೆ ಮಧ್ಯಾಹ್ನದ ಆ ಮೂರು ಗಂಟೆಗಳನ್ನು ಅವರಿಗೆ ಪೂರ್ತಿಯಾಗಿ ಬಿಟ್ಟುಕೊಡುವುದು ನಿಮ್ಮ ಮೇಲಿರುವ ಅಮಾನತ್ತು.

ಕಾನೂನು, ಸಂಪ್ರದಾಯಗಳ ಬಗ್ಗೆ ನಮ್ಮವರಲ್ಲಿ ಹಳೆಯ ಕಾಲದ ಭಯ ಇನ್ನೂ ಉಳಿದಿದೆ. ಅದಕ್ಕೆ ಕಾರಣಗಳಿಲ್ಲದಿರಲಿಲ್ಲ. ಆದರೆ ಆ ನಾಡು ಬದಲಾಗಿದೆ. 2016ರಲ್ಲಿ ಧಾರ್ಮಿಕ ಪೊಲೀಸರಿಂದ ಬಂಧಿಸುವ ಅಧಿಕಾರವನ್ನು ಹಿಂತೆಗೆಯಲಾಯಿತು. 2017ರಲ್ಲಿ ಸರಕಾರಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಣ ಘೋಷಣೆಯಾಯಿತು. 2018ರ ಜೂನ್ 24ರಿಂದ ಮಹಿಳೆಯರು ವಾಹನ ಚಲಾಯಿಸುತ್ತಿದ್ದಾರೆ. ಜಿದ್ದಾದ ಕಡಲತೀರದಲ್ಲಿ, ರಿಯಾದ್‌ನ ಉದ್ಯಾನಗಳಲ್ಲಿ ಸಂಜೆ ಸ್ಥಳೀಯ ಕುಟುಂಬಗಳೇ ಬಿರುಸಾಗಿ ನಡೆಯುವುದನ್ನು ಕಾಣುವಿರಿ. ಹಿಂದೆ ಕಸ, ಕೊಳಚೆ ತುಂಬಿದ್ದ ರಿಯಾದ್‌ನ ವಾದಿ ಹನೀಫಾ ಕಣಿವೆಯನ್ನು ಶುದ್ಧಗೊಳಿಸಿ ಮರ ನೆಟ್ಟು ನಡಿಗೆಯ ದಾರಿಗಳನ್ನು ಮಾಡಿದ್ದಾರೆ. ಆ ಕೆಲಸಕ್ಕೆ 2010ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು.

ಆದರೂ ಆ ಸಮಾಜದ ಸಂಕೋಚವನ್ನು ಗೌರವಿಸುವುದು ಅತಿಥಿಗಳಾದ ನಮ್ಮ ಸಭ್ಯತೆ. 2019ರ ಸಾರ್ವಜನಿಕ ಸಭ್ಯತೆಯ ನಿಯಮಗಳಂತೆ ಇತರರ ಫೋಟೋವನ್ನು ಅನುಮತಿಯಿಲ್ಲದೆ ತೆಗೆಯುವುದು ಅಪರಾಧ. ಉದ್ಯಾನದ ಸೊಬಗನ್ನು ಊರಿಗೆ ತೋರಿಸುವ ಉತ್ಸಾಹದಲ್ಲಿ ಪರಕುಟುಂಬಗಳತ್ತ ಕ್ಯಾಮರಾ ತಿರುಗಿಸಬೇಡಿರಿ. ಚಡ್ಡಿ ತೊಟ್ಟು ಓಡಿ, ಹಾಗೆಯೇ ಮಸೀದಿಗೆ ನುಗ್ಗುವವರಿಗೆ 2021ರಿಂದ ದಂಡವಿದೆ. ದಂಡವಿಲ್ಲದಿದ್ದರೂ ಅದು ಸಲ್ಲದು ಎಂಬುದು ಬೇರೆ ಮಾತು. ಸಡಿಲವಾದ ಹತ್ತಿಯ ಪೈಜಾಮ ಬಿಸಿಲಿಗೂ ಹಿತ, ನಮಾಝ್‌ಗೂ ಸಾಕು. ದಾರಿಬದಿಯಲ್ಲಿ ಕುಳಿತುಕೊಳ್ಳುವವರು ದೃಷ್ಟಿ ತಗ್ಗಿಸಬೇಕು, ಯಾರಿಗೂ ತೊಂದರೆ ಕೊಡಬಾರದು, ಸಲಾಮ್‌ಗೆ ಉತ್ತರಿಸಬೇಕು ಎಂಬ ಪ್ರವಾದಿವರ್ಯರ(ಸ) ಬೋಧನೆ ನಡೆಯುವವರಿಗೂ ಅನ್ವಯಿಸುತ್ತದೆ. ಇಕಾಮ ಕಿಸೆಯಲ್ಲಿರಲಿ.

ನಿಮ್ಮ ಪತ್ನಿ ಅಲ್ಲಿ ಜೊತೆಗಿದ್ದರೆ ಅವರ ಸ್ಥಿತಿಯನ್ನು ಯೋಚಿಸಿರಿ. ನೀವಾದರೂ ಅಂಗಡಿಯ ಬಾಗಿಲಿನವರೆಗೆ ಹೋಗುತ್ತೀರಿ. ಅವರಿಗೆ ಎರಡು ಕೋಣೆ, ಒಂದು ಅಡುಗೆಮನೆ, ಪರದೆ ಎಳೆದ ಕಿಟಕಿ. ಸೂರ್ಯ ಇಷ್ಟೊಂದು ಸುರಿಯುವ ನಾಡಿನಲ್ಲಿ ವಿಟಮಿನ್ ‘ಡಿ’ ಕೊರತೆ ವ್ಯಾಪಕವಾಗಿದೆ ಎಂದರೆ ಆಶ್ಚರ್ಯವಾಗುತ್ತದೆ. ಆದರೆ ವೈದ್ಯರು ಕಾಣುತ್ತಿರುವ ವಾಸ್ತವ ಅದು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಉಪಯೋಗವಿಲ್ಲ. ಚರ್ಮಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಮೊಣಕಾಲು, ಸೊಂಟ ನೋವೆಂದು ಅವರು ಹೇಳಿದಾಗ ಮುಲಾಮು ತಂದುಕೊಡುವುದರ ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸಿರಿ, ಸಂಜೆ ಜೊತೆಯಲ್ಲಿ ನಡೆಯಿರಿ. ಪರ್ದಾ ನಡಿಗೆಗೆ ಅಡ್ಡಿಯಲ್ಲ. ಹೆಚ್ಚಿನ ಮನೆಗಳಲ್ಲಿ ಅಡ್ಡಿಯಾಗಿರುವುದು ಗಂಡನ ಆಲಸ್ಯ.

ಚಳಿಗಾಲದಲ್ಲಿ ಮರುಭೂಮಿಯ ಸೌಂದರ್ಯವೇ ಬೇರೆ. ರಿಯಾದ್‌ನ ವಾಯುವ್ಯಕ್ಕೆ ತುವೈಕ್ ಬೆಟ್ಟಸಾಲಿನ ಅಂಚಿನಲ್ಲಿ ನಿಂತು ಕೆಳಗಿನ ಬಯಲನ್ನು ನೋಡಿದವನಿಗೆ ತನ್ನ ಅಲ್ಪತೆ ತಿಳಿಯುತ್ತದೆ. ಅಲ್ಲಿಗೆ ಒಂದೇ ಕಾರಿನಲ್ಲಿ ಹೋಗಬೇಡಿರಿ, ನೀರು ಲೆಕ್ಕಕ್ಕಿಂತ ದುಪ್ಪಟ್ಟು ಇರಲಿ, ಹೋಗುವ ಜಾಗ ಮತ್ತು ಮರಳುವ ಹೊತ್ತನ್ನು ಕೋಣೆಯಲ್ಲಿದ್ದವರಿಗೆ ತಿಳಿಸಿರಿ. ಮೋಡ ಕವಿದ ದಿನ ಒಣ ಹಳ್ಳದಲ್ಲಿ ಡೇರೆ ಹಾಕಲೇಬಾರದು. ಮಳೆ ನಿಮ್ಮ ತಲೆಯ ಮೇಲೆ ಬೀಳಬೇಕೆಂದಿಲ್ಲ, ದೂರದ ಬೆಟ್ಟದಲ್ಲಿ ಬಿದ್ದರೂ ನೀರು ನುಗ್ಗಿ ಬರುತ್ತದೆ. 2009ರ ನವೆಂಬರ್‌ನಲ್ಲಿ ಜಿದ್ದಾ ನಗರದಲ್ಲೇ ನೂರಕ್ಕೂ ಹೆಚ್ಚು ಜನರು ಪ್ರವಾಹಕ್ಕೆ ಬಲಿಯಾದರು.

ನನ್ನ ಆ ಸಹೋದರರ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ವೈದ್ಯರು ಗದರಿಸಿದ ಮೇಲೆ ಅವರು ಸುಬ್ಹ್‌ನ ಬಳಿಕ ಮಸೀದಿಯ ಸುತ್ತಲಿನ ನಾಲ್ಕು ಬೀದಿಗಳನ್ನು ಸುತ್ತತೊಡಗಿದರು. ಮೊದಲ ವಾರ ಒಂದು ಸುತ್ತು. ಬೆಕ್ಕುಗಳೂ ನಗುತ್ತಿದ್ದವು ಎಂದು ಅವರೇ ಹೇಳುತ್ತಿದ್ದರು. ಮಾತ್ರೆ ನಿಲ್ಲಲಿಲ್ಲ, ಆದರೆ ಹೆಚ್ಚಾಗಲೂ ಇಲ್ಲ. ಮರುವರ್ಷ ಊರಿನಿಂದ ತಾಯಿಯನ್ನು ಉಮ್ರಾಕ್ಕೆ ಕರೆಸಿಕೊಂಡರು. ಸಫಾದಿಂದ ಮರ್ವಾಕ್ಕೆ ಏಳು ಸಲವೂ ಅವರ ಗಾಲಿಕುರ್ಚಿಯನ್ನು ತಳ್ಳಿದ್ದು ಅವರೇ.