ಭೂಮಿಯ ತಾಪ ಏರಲು ಕಾರಣ ಯಾರು?

ವಿದ್ಯಾರ್ಥಿಗಳೇ, ನಮ್ಮ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ‘ಭೂಮಿಯ ತಾಪ ಏರಲು ಮಾನವನೇ ಕಾರಣ’ ಎಂಬ ವಿಷಯವನ್ನು ಕೊಡಲಾಗಿತ್ತು. ವಿರೋಧವಾಗಿ ಮಾತನಾಡಿದ ಹುಡುಗನೊಬ್ಬನು, “ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆ ಮೊದಲಿನಿಂದಲೂ ಬಿಸಿಲ ನಾಡು. ನಮ್ಮ ಅಜ್ಜನ ಕಾಲದಲ್ಲಿಯೂ ಬರವಿತ್ತು. ಅಂದ ಮೇಲೆ ಇದರಲ್ಲಿ ಮನುಷ್ಯನ ತಪ್ಪೇನು?” ಎಂದು ಕೇಳಿದನು. ಚಪ್ಪಾಳೆ ಬಿದ್ದವು. ಪರವಾಗಿ ಮಾತನಾಡಿದವರು “ಈಗಿನ ಬೇಸಿಗೆ ತಡೆಯಲಾಗದು” ಎಂದರೇ ಹೊರತು ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ದಿನದ ಬಿಸಿಲು, ಮಳೆ ಎಂಬುದು ಹವಾಮಾನ. ಹಲವು ದಶಕಗಳ ಸರಾಸರಿಯೇ ವಾಯುಗುಣ. ಒಂದು ಕಡು ಬೇಸಿಗೆಯಾಗಲಿ, 2009ರ ಅಕ್ಟೋಬರದಲ್ಲಿ ಆಲಂಪುರವನ್ನು ಮುಳುಗಿಸಿದ ಪ್ರವಾಹವಾಗಲಿ ತಾನೊಂದೇ ಸಾಕ್ಷಿಯಾಗದು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಪ್ರಪಂಚದಾದ್ಯಂತ ಅಳೆದ ಲೆಕ್ಕದ ಪ್ರಕಾರ, 1850ರಿಂದ 1900ರವರೆಗಿನ ಸರಾಸರಿಗಿಂತ 2011ರಿಂದ 2020ರ ದಶಕವು ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತು. ತಾಪ ಏರಿದ್ದು ನಿಜ. ಏರಿಸಿದವರು ಯಾರು?

ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲಿ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆಯು ಎಲ್ಲಕ್ಕಿಂತ ಹೆಚ್ಚು ಕಾಯಿತು. ಈ ಅನಿಲವು ಭೂಮಿಗೆ ಹೊದಿಸಿದ ಕಂಬಳಿಯಂತೆ. ಕಂಬಳಿ ತಾನು ಶಾಖ ಹುಟ್ಟಿಸದು; ಇದ್ದ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಕಲ್ಲಿದ್ದಲು ಉರಿಸುತ್ತ ಹೋದರೆ ಭೂಮಿ ಬಿಸಿಯಾದೀತೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿಯೇ ಲೆಕ್ಕ ಹಾಕಿದ್ದರು. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಕೀಲಿಂಗ್ ಅಳೆಯತೊಡಗಿದಾಗ ಸುಮಾರು 315 ಇತ್ತು. ಈಗ 420ನ್ನು ದಾಟಿದೆ.

ಆದರೆ ಸೂರ್ಯನೇ ಕಾರಣವಾಗಿರಬಾರದೇಕೆ? ಕೇಳತಕ್ಕ ಪ್ರಶ್ನೆಯೇ. 1978ರಿಂದ ಉಪಗ್ರಹಗಳು ಸೂರ್ಯನ ಪ್ರಖರತೆಯನ್ನು ಅಳೆಯುತ್ತಿವೆ. ಅದು ಏರುತ್ತ ಬಂದಿಲ್ಲ. ಅಲ್ಲದೆ ಸೂರ್ಯನೇ ಕಾರಣನಾಗಿದ್ದರೆ ಮೇಲಿನ ಸಮೋಷ್ಣ ಮಂಡಲವೂ ಕಾಯಬೇಕಿತ್ತು. ಕೆಳಗಿನ ಗಾಳಿ ಕಾಯುತ್ತಿದ್ದರೆ ಅದು ತಣ್ಣಗಾಗುತ್ತಿದೆ. ಜ್ವಾಲಾಮುಖಿಗಳೆನ್ನೋಣವೆ? ಅವು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯ ಬಿಡುವುದರ ನೂರರಲ್ಲಿ ಒಂದು ಪಾಲೂ ಇಲ್ಲ. ಕೊನೆಯ ಸಾಕ್ಷಿ ಗಾಳಿಯಲ್ಲಿಯೇ ಇದೆ. ಜೀವಂತ ಗಿಡಮರಗಳಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಅಂಶವಿರುತ್ತದೆ. ಕೋಟ್ಯಂತರ ವರ್ಷ ನೆಲದಲ್ಲಿ ಹುದುಗಿದ್ದ ಕಲ್ಲಿದ್ದಲು, ಎಣ್ಣೆಗಳಲ್ಲಿ ಅದು ಉಳಿದಿಲ್ಲ. ಈ ಹಳೆಯ ಇಂಗಾಲವು ಗಾಳಿಯಲ್ಲಿ ಬೆರೆತಿರುವುದನ್ನು ವಿಜ್ಞಾನಿಗಳು ಅಳೆದು ಗುರುತಿಸಿದ್ದಾರೆ.

ಮಕ್ತಲ್ ಕಡೆಯಿಂದ ರಾಯಚೂರಿಗೆ ಹೋಗುವಾಗ ಕೃಷ್ಣಾ ಸೇತುವೆಯ ಮೇಲಿಂದ ಶಕ್ತಿನಗರದ ಚಿಮಣಿಗಳನ್ನು ನೀವೆಲ್ಲ ನೋಡಿದ್ದೀರಿ. 1985ರಲ್ಲಿ ಉತ್ಪಾದನೆ ಆರಂಭಿಸಿದ ಆ ಶಾಖೋತ್ಪನ್ನ ಕೇಂದ್ರವು ಕಲ್ಲಿದ್ದಲಿನಿಂದ ವಿದ್ಯುತ್ತು ತಯಾರಿಸುತ್ತದೆ. ಕಣ್ಣಿಗೆ ಕಾಣುವ ಹೊಗೆಯನ್ನೇ ಇಂಗಾಲದ ಡೈಆಕ್ಸೈಡ್ ಎಂದು ತಿಳಿಯಬೇಡಿರಿ. ಅದಕ್ಕೆ ಬಣ್ಣವಿಲ್ಲ, ಅದು ಕಾಣದು. ರಸಾಯನ ಪಾಠವನ್ನು ನೆನಪಿಸಿಕೊಳ್ಳಿರಿ: 12 ಗ್ರಾಂ ಇಂಗಾಲ 32 ಗ್ರಾಂ ಆಮ್ಲಜನಕದೊಡನೆ ಉರಿದರೆ 44 ಗ್ರಾಂ ಅನಿಲವಾಗುತ್ತದೆ. ಅಂದರೆ ಒಂದು ಕಿಲೋ ಇಂಗಾಲದಿಂದ ಮೂರೂವರೆ ಕಿಲೋಗೂ ಹೆಚ್ಚು ಅನಿಲ! ಇಂಥ ಕೇಂದ್ರಗಳು ಪ್ರಪಂಚದಲ್ಲಿ ಸಾವಿರಾರು ಇವೆ. ಹಾಗೆಂದು ಅವುಗಳನ್ನು ಶಪಿಸುವುದು ತರವಲ್ಲ. ದೀಪ, ಪಂಪುಸೆಟ್ಟು ಎಲ್ಲಕ್ಕೂ ವಿದ್ಯುತ್ತು ಬೇಕು. ಅದೇ ಕೃಷ್ಣೆಯು ಗದ್ವಾಲ್ ಬಳಿಯ ಜುರಾಲದಲ್ಲಿ ಹೊಗೆಯಿಲ್ಲದೆಯೂ ವಿದ್ಯುತ್ತು ಕೊಡುತ್ತಾಳೆ. ದಾರಿಗಳು ಬೇರೆಯೂ ಇವೆ ಎಂಬುದಕ್ಕೆ ಇದೇ ನಿದರ್ಶನ.

ವಿಜ್ಞಾನಿಗಳೂ ಅವಸರದಿಂದ ತೀರ್ಪು ಕೊಡಲಿಲ್ಲ. 1988ರಲ್ಲಿ ಸ್ಥಾಪನೆಯಾದ ಅಂತರ ಸರ್ಕಾರಿ ಸಮಿತಿಯು 1995ರಲ್ಲಿ ‘ಮಾನವನ ಪ್ರಭಾವ ಗೋಚರಿಸುತ್ತಿದೆ’ ಎಂಬರ್ಥದ ಎಚ್ಚರದ ಮಾತನ್ನಾಡಿತು. 2021ರಲ್ಲಿ ‘ಇದರಲ್ಲಿ ಸಂದೇಹವಿಲ್ಲ’ ಎಂದಿತು. ಮುಂದೆ ಮುಂಗಾರು ಎಷ್ಟು ಬದಲಾದೀತು, ಖರ್ಚನ್ನು ಯಾರು ಹೊರಬೇಕು ಎಂಬ ಚರ್ಚೆ ಇನ್ನೂ ಇದೆ. ಕಾರಣ ಯಾರೆಂಬ ಚರ್ಚೆ ಮುಗಿದಿದೆ.

ಆದರೆ ‘ಮಾನವ’ ಎಂಬ ಒಂದೇ ಮಾತಿನಲ್ಲಿ ಎಲ್ಲರ ಮೇಲೂ ಸಮನಾಗಿ ತಪ್ಪು ಹೊರಿಸುವುದು ನ್ಯಾಯವಲ್ಲ. ಸರಾಸರಿ ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಂದರೆ, ಅಮೆರಿಕನ್ನನ ಪಾಲು ಅದರ ಆರೇಳು ಪಟ್ಟು. ಹತ್ತಿಯ ಹೊಲದಲ್ಲಿ ದುಡಿಯುವ ತಾಯಿ, ಕೂಲಿಗೆಂದು ದೂರದ ಪಟ್ಟಣಕ್ಕೆ ಹೋಗುವ ತಂದೆ ಉರಿಸಿದ್ದು ಅತ್ಯಲ್ಪ. ಬಿಸಿಲು ಬಡಿಯುವುದು ಮಾತ್ರ ಮೊದಲು ಅವರನ್ನೇ.

ಇನ್ನು ಆ ಹುಡುಗನಿಗೆ ಉತ್ತರ: ನಮ್ಮ ಸೀಮೆಯ ಬಿಸಿಲು ಹಳೆಯದು, ನಿಜ. ಅದರ ಮೇಲೆ ಬಂದು ಕೂಡಿದ ತಾಪ ಹೊಸದು. ಅದು ನಾವು ಮನುಷ್ಯರು ಕೂಡಿಸಿದ್ದು. ಹಾಗಾದುದರಿಂದಲೇ ಅದನ್ನು ಮುಂದೆ ಬೆಳೆಯದಂತೆ ತಡೆಯುವುದೂ ಮನುಷ್ಯರಿಂದ ಸಾಧ್ಯ. ಸೂರ್ಯನೇ ಕಾರಣನಾಗಿದ್ದರೆ ಕೈಕಟ್ಟಿ ಕೂಡಬೇಕಾಗಿತ್ತು.

ವಿದ್ಯಾರ್ಥಿಗಳೇ, ಶಾಲೆಯ ನೆರಳಿನಲ್ಲಿ ಒಂದು ಉಷ್ಣತಾಮಾಪಕವನ್ನು ತೂಗುಹಾಕಿ, ದಿನವೂ ಒಂದೇ ಹೊತ್ತಿಗೆ ನೋಡಿ ಬರೆದಿಡಿರಿ. ನಿಮ್ಮ ತಮ್ಮ ತಂಗಿಯರು ಅದನ್ನು ಮುಂದುವರಿಸಲಿ. ಪಾಲಕರಲ್ಲಿ ಒಂದು ವಿನಂತಿ: ಬೇಸಿಗೆಯಲ್ಲಿ ಹೊಲದ ಕೆಲಸವನ್ನು ನಸುಕಿನಲ್ಲಿಯೇ ಮುಗಿಸಿರಿ, ನಡುಹಗಲಿನ ಬಿಸಿಲಿಗೆ ಮಕ್ಕಳನ್ನು ಕಳಿಸಬೇಡಿರಿ.